ಸ್ಕ್ಯಾನಿಂಗ್ ರಿಪೋರ್ಟು ನನಗಿಂತ ಮೊದಲು ದೊಡ್ಡಪ್ಪನ ಕೈ ಸೇರಿತು: ಯಾರನ್ನು ಕೇಳಬೇಕು?

ಕಾಫಿಗಿಡ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ. ಊರಿನ ಹೆಸರನ್ನಾಗಲಿ ನರ್ಸಿಂಗ್ ಹೋಮಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನು ಯಾರೆಂಬುದು ಅರ್ಧ ಗಂಟೆಯಲ್ಲಿ ತಿಳಿದುಹೋಗುವಷ್ಟು ಚಿಕ್ಕ ಊರು ನಮ್ಮದು.

ಎರಡು ತಿಂಗಳ ಹಿಂದೆ ಮುಟ್ಟಿನ ಏರುಪೇರಿಗಾಗಿ ಅಲ್ಲಿಯ ಸ್ತ್ರೀರೋಗ ತಜ್ಞೆಯನ್ನು ಕಂಡೆ. ಅವರು ಬರೆದುಕೊಟ್ಟಂತೆ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟು ಸಂಜೆ ಐದಕ್ಕೆ ಸಿಗುತ್ತದೆ ಎಂದಿದ್ದರು. ಕಾಲೇಜು ಮುಗಿಸಿ ಐದೂವರೆಗೆ ಹೋದಾಗ ಕೌಂಟರಿನ ಹುಡುಗಿ ನಗುತ್ತಲೇ, "ನಿಮ್ಮ ದೊಡ್ಡಪ್ಪ ಬಿ.ಪಿ. ತೋರಿಸಲು ಬಂದಿದ್ದರು ಮೇಡಂ, ನಿಮಗೆ ಮತ್ತೆ ಓಡಾಟ ಯಾಕೆ ಅಂತ ಅವರ ಕೈಯಲ್ಲೇ ಕೊಟ್ಟು ಕಳಿಸಿದೆ" ಎಂದಳು. ನನಗೆ ಉಪಕಾರ ಮಾಡಿದೆನೆಂದೇ ಅವಳು ತಿಳಿದಿದ್ದಳು. ಲಕೋಟೆಗೆ ಅಂಟನ್ನೂ ಹಚ್ಚಿರಲಿಲ್ಲ. ಒಂದು ಸ್ಟೇಪ್ಲರ್ ಪಿನ್ನು ಮಾತ್ರ.

ದೊಡ್ಡಪ್ಪ ಕೆಟ್ಟವರಲ್ಲ. ಬಿಚ್ಚಿ ಓದಿದರು, ಅರ್ಥವಾಗಲಿಲ್ಲ, ದೊಡ್ಡಮ್ಮನಿಗೆ ತೋರಿಸಿದರು; ದೊಡ್ಡಮ್ಮ ಅದರ ಫೋಟೊ ತೆಗೆದು ಬೆಂಗಳೂರಿನಲ್ಲಿ ಬಿ.ಫಾರ್ಮ ಓದುತ್ತಿರುವ ಮೊಮ್ಮಗಳಿಗೆ ವಾಟ್ಸ್‌ಆ್ಯಪ್ ಮಾಡಿದರು. ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಿವೆ ಎಂಬ ಒಂದು ಸಾಲು ಎರಡು ಮನೆ ದಾಟುವಷ್ಟರಲ್ಲಿ "ಗರ್ಭಕೋಶದಲ್ಲಿ ಗಡ್ಡೆ" ಎಂದಾಯಿತು, ನಾಲ್ಕನೆಯ ಮನೆಯಲ್ಲಿ "ಮಕ್ಕಳಾಗುವುದಿಲ್ಲವಂತೆ" ಎಂದಾಯಿತು. ಆ ನಾಲ್ಕನೆಯ ಮನೆಯವರು ನನಗೆ ನೋಡಿದ್ದ ಗಂಡಿನ ಸೋದರತ್ತೆಯವರು. ಮಾತುಕತೆ ಅಲ್ಲಿಗೇ ನಿಂತಿತು. ಆ ಸಂಬಂಧ ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ, ನಿಜವಾಗಿಯೂ ಇಲ್ಲ. ನನ್ನ ಮೈಯ ವಿಷಯ ನನಗಿಂತ ಮೊದಲು ಊರಿಗೆ ತಿಳಿಯಿತಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಇದು ಕಾನೂನಿನ ಕಣ್ಣಲ್ಲಿ ತಪ್ಪೇ, ಅಥವಾ ಬರಿಯ ಅವಿವೇಕವೇ? ತಪ್ಪಾಗಿದ್ದರೆ ಯಾರಿಗೆ ದೂರು ಕೊಡಬೇಕು? ಒಂದು ಮಾತು ಮೊದಲೇ ಹೇಳುತ್ತೇನೆ: ಆ ಕೌಂಟರಿನ ಹುಡುಗಿ ನನ್ನದೇ ಕಾಲೇಜಿನಲ್ಲಿ ಓದಿದವಳು, ಅವಳ ಕೆಲಸ ಹೋಗುವುದು ನನಗೆ ಬೇಡ.

ಬಿಳಿ ಟೋಪಿ

ತಂಗೀ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ರೋಗಿಯ ಗುಟ್ಟು ಹೊರಬೀಳುವುದು ಕಳ್ಳತನದಿಂದ ಎಂದು ಜನ ಭಾವಿಸುತ್ತಾರೆ. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಸಲ ಅದು ಹೊರಬೀಳುವುದು ಉಪಕಾರ ಬುದ್ಧಿಯಿಂದ, ಇಲ್ಲವೇ ಅವಸರದಿಂದ.

ವಾರ್ಡಿನಲ್ಲಿ ನಾವು ರೋಗಿಗಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ರೋಗದಿಂದ ಕರೆಯುತ್ತಿದ್ದೆವು. "ಏಳನೇ ಬೆಡ್ಡಿನ ಟಿ.ಬಿ.ಗೆ ಇಂಜೆಕ್ಷನ್ ಆಯಿತಾ?" ಎಂದು ವಾರ್ಡಿನ ಆ ತುದಿಯಿಂದ ಈ ತುದಿಗೆ ಕೂಗುವುದು ದಿನನಿತ್ಯದ ಮಾತಾಗಿತ್ತು. ಕೇಸ್ ಶೀಟು ಮಂಚದ ಕಾಲಬದಿಯ ಕೊಕ್ಕೆಗೆ ನೇತಾಡುತ್ತಿತ್ತು. ಪಕ್ಕದ ಮಂಚದವರನ್ನು ನೋಡಲು ಹಣ್ಣು ಹಿಡಿದು ಬಂದವರು ಬೇಸರ ಕಳೆಯಲು ಅದನ್ನು ದಿನಪತ್ರಿಕೆಯಂತೆ ಓದುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಎಚ್‌ಐವಿ ಇದ್ದವರ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯುವ ಪದ್ಧತಿಯಿತ್ತು. ನಾನೂ ಬರೆದಿದ್ದೇನೆ. ಸಿಬ್ಬಂದಿ ಎಚ್ಚರದಿಂದಿರಲಿ ಎಂಬುದು ನಮ್ಮ ಸಮರ್ಥನೆ. ಒಂದು ದಿನ ಊಟ ಹಂಚುವ ಹುಡುಗ ಆ ಮಂಚದ ಬಳಿ ಬಂದಾಗ ಮಾತ್ರ ತಟ್ಟೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ಮುಂದಕ್ಕೆ ತಳ್ಳಿದ. ಅವನಿಗೆ ಓದಲು ಸರಿಯಾಗಿ ಬರುತ್ತಿರಲಿಲ್ಲ, ಆದರೆ ಕೆಂಪು ಬಣ್ಣದ ಅರ್ಥ ಗೊತ್ತಿತ್ತು. ಮಲಗಿದ್ದ ಹೆಂಗಸು ತಟ್ಟೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಂದಿನಿಂದ ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿರಬಹುದೆಂದೇ ಎಣಿಸಿ ಎಲ್ಲರಿಗೂ ಕೈಗವಸು ಹಾಕಿಕೊಂಡೇ ಕೆಲಸ ಮಾಡಿದರೆ ಯಾರ ಹಣೆಗೂ ಚೀಟಿ ಅಂಟಿಸಬೇಕಿಲ್ಲವೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಕೈಗವಸಿನ ಡಬ್ಬಿ ತಿಂಗಳ ಇಪ್ಪತ್ತಕ್ಕೇ ಖಾಲಿಯಾಗುತ್ತಿತ್ತು, ಕೆಂಪು ಪೆನ್ನು ಆಗುತ್ತಿರಲಿಲ್ಲ.

ನಿಮ್ಮ ಊರಿನ ಹುಡುಗಿಗೆ ಕೆಲಸಕ್ಕೆ ಸೇರಿದ ದಿನ ಕಂಪ್ಯೂಟರಿನಲ್ಲಿ ಬಿಲ್ಲು ಹಾಕುವುದನ್ನು ಯಾರೋ ಕಲಿಸಿರುತ್ತಾರೆ. ರಿಪೋರ್ಟನ್ನು ಯಾರ ಕೈಗೆ ಕೊಡಬಾರದೆಂದು ಯಾರೂ ಕಲಿಸಿರುವುದಿಲ್ಲ. ಆದ್ದರಿಂದ ದೂರನ್ನು ಅವಳ ಮೇಲಲ್ಲ, ಯಜಮಾನರ ಮೇಲೆ ಬರೆಯಿರಿ.

ಹಳ್ಳಿಮನೆ

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಯಾರೂ ಬೇಸರಿಸಬೇಡಿ. ನಮ್ಮಲ್ಲಿ ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವುದು ಸರ್ಕಾರವೂ ಅಲ್ಲ, ವಿಮೆಯೂ ಅಲ್ಲ, ಮನೆಯವರು. ನಮ್ಮ ತಂದೆಯವರಿಗೆ ಅನ್ನನಾಳದ ಕ್ಯಾನ್ಸರ್ ಎಂದಾಗ ಡಾಕ್ಟರು ನನ್ನನ್ನೂ ಅಣ್ಣನನ್ನೂ ಪಕ್ಕಕ್ಕೆ ಕರೆದು ಹೇಳಿದರು, ತಂದೆಯವರಿಗೆ ಹೇಳಲಿಲ್ಲ. ನಾವೂ ಹೇಳಲಿಲ್ಲ. "ಗಂಟಲಲ್ಲಿ ಹುಣ್ಣು" ಎಂದೇ ಏಳು ತಿಂಗಳು ಕಳೆದವು. ದುಡ್ಡು ಹೊಂದಿಸಿದವರು, ಗದ್ದೆ ಅಡವಿಟ್ಟವರು, ರಾತ್ರಿ ಎದ್ದು ಕೂತವರು ನಾವು. ನಾಳೆ ಆಸ್ಪತ್ರೆಯವರು "ಇದು ರೋಗಿಯ ಖಾಸಗಿ ವಿಷಯ, ನಿಮಗೆ ಹೇಳುವುದಿಲ್ಲ" ಎಂದರೆ ನಮ್ಮಂಥವರು ಏನು ಮಾಡಬೇಕು? ಖಾಸಗಿತನವೆಂಬುದು ಒಂಟಿಯಾಗಿ ಬದುಕುವ ನಗರದವರ ಅನುಕೂಲವೆಂದು ನನಗೆ ಅನ್ನಿಸುತ್ತದೆ. ಕಾಫಿಗಿಡ ಅವರಿಗೆ ಆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪು ಆಸ್ಪತ್ರೆಯದಕ್ಕಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್ ಮಾಡಿದ ದೊಡ್ಡಮ್ಮನವರದು.

ಕರಿಕೋಟು

ನಾನು ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಕೇಳಿದ ಪ್ರಶ್ನೆಗೆ ಮೊದಲು ಉತ್ತರ: ಹೌದು, ಇದು ತಪ್ಪು, ಬರಿಯ ಅವಿವೇಕವಲ್ಲ.

ವೈದ್ಯರ ವೃತ್ತಿನಡತೆಯನ್ನು ಇಂದಿಗೂ ಆಳುತ್ತಿರುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಪ್ರಕಟಿಸಿತಾದರೂ ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಿತು. ಆ ಹಳೆಯ ನಿಯಮಗಳ ಪ್ರಕಾರ, ವೃತ್ತಿಯ ನಡುವೆ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ನ್ಯಾಯಾಧೀಶರ ಆದೇಶವಿದ್ದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರವಾದ ಅಪಾಯ ಗುರುತಾದಾಗ, ಮತ್ತು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಸಂದರ್ಭದಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಅದೇ ನಿಯಮಾವಳಿಯಲ್ಲಿ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಅಂಶವಿದೆ. ರೋಗಿಯೋ ಅವರು ಅಧಿಕಾರ ಕೊಟ್ಟವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. "ಅಧಿಕಾರ ಕೊಟ್ಟವರು" ಎಂಬ ಮಾತನ್ನು ಗಮನಿಸಿ. ದೊಡ್ಡಪ್ಪನಾಗಿರುವುದು ತಾನಾಗಿಯೇ ಅಧಿಕಾರವಾಗುವುದಿಲ್ಲ.

ಮದುವೆಯ ಮಾತು ಬಂದದ್ದರಿಂದ ಒಂದು ಹಳೆಯ ಪ್ರಕರಣ ಹೇಳಬೇಕು. ನಾಗಾಲ್ಯಾಂಡಿನ ವೈದ್ಯರೊಬ್ಬರು ಬಂಧುವಿಗೆ ರಕ್ತ ಕೊಡಲು ಹೋದಾಗ ಅವರಿಗೆ ಎಚ್‌ಐವಿ ಇರುವುದು ಗೊತ್ತಾಗಿ, ಆ ಸುದ್ದಿ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವರು ಪರಿಹಾರ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1998ರಲ್ಲಿ ಕೋರ್ಟು, ವೈದ್ಯಕೀಯ ಗೋಪ್ಯತೆ ಇದೆಯಾದರೂ ಅದು ನಿರಪವಾದವಲ್ಲ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕು ಅದಕ್ಕಿಂತ ದೊಡ್ಡದು ಎಂದು ಅವರ ವಿರುದ್ಧ ತೀರ್ಪಿತ್ತಿತು. ಈ ತೀರ್ಪನ್ನು ತೋರಿಸಿ ನಿಮಗೆ ಯಾರಾದರೂ "ಗಂಡಿನ ಕಡೆಯವರಿಗೆ ತಿಳಿದುಕೊಳ್ಳುವ ಹಕ್ಕಿದೆ" ಎಂದರೆ ನಂಬಬೇಡಿ. ಅಲ್ಲಿ ತೂಗಿದ್ದು ಇನ್ನೊಬ್ಬರ ಜೀವಕ್ಕಿದ್ದ ಅಪಾಯವನ್ನು. ಅಂಡಾಶಯದ ನೀರುಗುಳ್ಳೆ ಯಾರಿಗೂ ಅಂಟುವುದಿಲ್ಲ.

ಆಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿಷಯಕ್ಕೆ ಹೂಡಿದ ದಾವೆಯಾದರೂ ಅದರ ನೆರಳು ಆಸ್ಪತ್ರೆಯ ಕೌಂಟರಿನವರೆಗೂ ಚಾಚಿದೆ.

ಹಳ್ಳಿಮನೆಯವರೇ, ನಿಮ್ಮ ಪ್ರಶ್ನೆಯನ್ನು ಕಾನೂನು ಮರೆತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿ ತಾನೇ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಆ ಪ್ರತಿನಿಧಿಗೆ ತನ್ನ ಹೊಣೆ ನಿಭಾಯಿಸಲು ಬೇಕಾದಷ್ಟು ಮಾಹಿತಿ ಸಿಗುತ್ತದೆ. ಅಂದರೆ ಮನೆಯವರನ್ನು ಹೊರಗಿಟ್ಟಿಲ್ಲ. ಮನೆಯವರಲ್ಲಿ ಯಾರು ಎಂಬುದನ್ನು ರೋಗಿ ಹೇಳಲಿ ಎಂದಿದೆ, ಅಷ್ಟೆ. ನಿಮ್ಮ ತಂದೆಯವರನ್ನು ಕೇಳಿದ್ದರೆ ಅವರು ನಿಮ್ಮ ಹೆಸರನ್ನೇ ಹೇಳುತ್ತಿದ್ದರೇನೋ. ಕೇಳಲಿಲ್ಲವೆಂಬುದೇ ನನ್ನ ತಕರಾರು.

ಈಗ ದೂರಿನ ದಾರಿ. ವೈದ್ಯೆಯ ಮೇಲಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಆದರೆ ಅದರ ಕೈ ನೋಂದಾಯಿತ ವೈದ್ಯರಿಗೆ ಮಾತ್ರ ಎಟಕುತ್ತದೆ, ಕೌಂಟರಿಗೆ ಎಟಕುವುದಿಲ್ಲ. ನರ್ಸಿಂಗ್ ಹೋಮಿನ ಮೇಲಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರನೆಯದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಸೇರಿಸಿದೆ. ರಿಪೋರ್ಟು ನೀವು ಕೊಟ್ಟ ಮಾಹಿತಿಯಲ್ಲ, ನಾವು ತಯಾರಿಸಿದ್ದು ಎಂದು ಎದುರು ಪಕ್ಷ ವಾದಿಸಬಹುದು. ಆಗ ಸೇವಾ ನ್ಯೂನತೆಯೆಂಬ ಇನ್ನೊಂದು ಆಧಾರ ಇದ್ದೇ ಇದೆ, ಎರಡನ್ನೂ ಬರೆಯಿರಿ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಎಲ್ಲಕ್ಕಿಂತ ಮೊದಲು ಆಡಳಿತ ಮಂಡಳಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಕಾಫಿಗಿಡ

ಸರ್, 2023ರಲ್ಲಿ ಹೊಸ ಡೇಟಾ ಕಾಯ್ದೆ ಬಂದಿದೆಯಲ್ಲ, ಅದು ಅನ್ವಯಿಸುವುದಿಲ್ಲವೇ?

ಕರಿಕೋಟು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟುಪಾಡುಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಪೂರ್ತಿ ಜಾರಿಯಾದಾಗ ದಂಡ 250 ಕೋಟಿ ರೂಪಾಯಿಯವರೆಗೂ ಏರಬಹುದು. ಆದರೆ ಅದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಕಾಗದದಲ್ಲೇ ಹುಟ್ಟಿ ಕಾಗದದಲ್ಲೇ ಉಳಿದ ಕೇಸ್ ಶೀಟು ಅದರ ವ್ಯಾಪ್ತಿಗೆ ಬರುವುದಿಲ್ಲ. ಇನ್ನೊಂದು ಕೊರತೆ ನನ್ನನ್ನು ಕಾಡುತ್ತದೆ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಿಮ್ಮ ಗರ್ಭಕೋಶದ ಚಿತ್ರಕ್ಕೂ ನೀವು ಪಿಜ್ಜಾ ತರಿಸಿಕೊಂಡ ವಿಳಾಸಕ್ಕೂ ಒಂದೇ ತಕ್ಕಡಿ.

ತಾಲ್ಲೂಕು ಡಾಕ್ಟರು

ವಕೀಲರು ಹೇಳಿದ ನಿಯಮಗಳೆಲ್ಲ ಸರಿ. ಅವು ಯಾವ ಕೋಣೆಯಲ್ಲಿ ಪಾಲನೆಯಾಗಬೇಕೋ ಆ ಕೋಣೆಯನ್ನು ಒಮ್ಮೆ ನೋಡಿ ಬನ್ನಿ ಎಂದು ಕರೆಯುತ್ತೇನೆ.

ನನ್ನ ಓಪಿಡಿ ಕೋಣೆಯಲ್ಲಿ ಎರಡು ಮೇಜುಗಳಿವೆ, ಇಬ್ಬರು ವೈದ್ಯರು ಕೂರುತ್ತೇವೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನನ್ನ ಮೇಜಿಗೆ ನೂರಿಪ್ಪತ್ತು ಚೀಟಿ ಬರುವ ದಿನಗಳುಂಟು. ಸ್ಟೂಲಿನ ಮೇಲೆ ಕೂತ ರೋಗಿಯ ಬೆನ್ನಿಗೆ ಮುಂದಿನ ರೋಗಿಯ ಹೊಟ್ಟೆ ತಾಗುತ್ತಿರುತ್ತದೆ. ಹೊರಗೆ ನಿಲ್ಲಿ ಎಂದರೆ ಸರದಿ ತಪ್ಪುವ ಭಯ. ಒಬ್ಬ ಮಹಿಳೆ ಮೂರು ಸಲ ಸೊಂಟ ನೋವೆಂದು ಬಂದರು. ಮೂರು ಸಲವೂ ನೋವಿನ ಮಾತ್ರೆ ಬರೆದುಕೊಟ್ಟೆ. ನಾಲ್ಕನೆಯ ಸಲ ಬಂದಾಗ ಭಾರಿ ಮಳೆ, ಕೋಣೆಯಲ್ಲಿ ಯಾರೂ ಇರಲಿಲ್ಲ. ಆಗ ಬಾಯಿ ಬಿಟ್ಟರು: ಬಿಳಿ ಸೆರಗು, ವಾಸನೆ, ಒಂದು ವರ್ಷದಿಂದ. ಮೂರು ಸಲ ಅವರು ಹೇಳದೆ ಉಳಿದದ್ದು ನಾಚಿಕೆಯಿಂದ ಎನ್ನಬಹುದು. ಆದರೆ ಅವರ ಹಿಂದೆ ನಿಂತಿದ್ದವರು ಅವರದೇ ಬೀದಿಯ ಹಾಲಿನ ಡೈರಿಯವರು. ಗೋಪ್ಯತೆಯನ್ನು ನಾವು ಹಕ್ಕಿನ ಮಾತಾಗಿ ಮಾತ್ರ ಆಡುತ್ತೇವೆ; ನನಗೆ ಅದು ರೋಗ ಪತ್ತೆಯ ಸಾಧನ, ಸ್ಟೆತಸ್ಕೋಪಿನ ಹಾಗೆ. ಅದಿಲ್ಲದಿದ್ದರೆ ರೋಗಿ ಸುಳ್ಳು ಹೇಳುತ್ತಾರೆ, ನಾನು ಆ ಸುಳ್ಳಿಗೆ ಔಷಧ ಬರೆಯುತ್ತೇನೆ.

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಸ್ಟೂಲನ್ನು ಮೇಜಿನ ಎದುರಿನಿಂದ ನನ್ನ ಪಕ್ಕಕ್ಕೆ, ಗೋಡೆಯ ಕಡೆಗೆ ಸರಿಸಿದೆ. ಬಾಗಿಲಲ್ಲಿ ಡಿ ಗ್ರೂಪಿನ ಒಬ್ಬರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಬಿಡಲು ಹೇಳಿದೆ. ಹೆಂಡತಿಯನ್ನು ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಡುವ ಗಂಡಂದಿರನ್ನು "ಈ ಚೀಟಿಗೆ ಸೀಲ್ ಹಾಕಿಸಿಕೊಂಡು ಬನ್ನಿ" ಎಂದು ಹೊರಗೆ ಕಳಿಸುತ್ತೇನೆ. ಆ ಸೀಲಿನಿಂದ ಏನೂ ಉಪಯೋಗವಿಲ್ಲ, ಆದರೆ ಕೌಂಟರಿಗೆ ಹೋಗಿ ಬರಲು ಐದು ನಿಮಿಷ ಹಿಡಿಯುತ್ತದೆ.

ನಮ್ಮವರ ತಪ್ಪನ್ನೂ ಹೇಳಬೇಕು. ವೈದ್ಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಕ್ಸ್‌ರೇ ಹಾಕಿ ಹಿರಿಯರ ಅಭಿಪ್ರಾಯ ಕೇಳುವುದು ತಾಲ್ಲೂಕಿನ ರೋಗಿಗೆ ನಿಜವಾಗಿಯೂ ವರವಾಗಿದೆ. ರಾತ್ರಿ ಹನ್ನೊಂದಕ್ಕೆ ಮೂಳೆ ತಜ್ಞರು ಬೇರೆಲ್ಲಿ ಸಿಗುತ್ತಾರೆ? ಆದರೆ ಎಕ್ಸ್‌ರೇಯ ಮೂಲೆಯಲ್ಲಿ ರೋಗಿಯ ಹೆಸರು ಮತ್ತು ವಯಸ್ಸು ಅಚ್ಚಾಗಿರುತ್ತದೆ, ಅದನ್ನು ಹೆಬ್ಬೆಟ್ಟಿನಿಂದ ಮುಚ್ಚಿ ಫೋಟೊ ತೆಗೆಯುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಗುರುತು ಸಿಗುವ ಹಾಗೆ ರೋಗಿಯ ಚಿತ್ರವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ಅದೇ 2002ರ ನಿಯಮಾವಳಿಯಲ್ಲಿದೆ.

ಗರ್ಭಪಾತದ ವಿಷಯದಲ್ಲಂತೂ ಕಾನೂನು ಇನ್ನೂ ಬಿಗಿ. ಮಹಿಳೆಯ ಹೆಸರು, ವಿವರಗಳನ್ನು ಅಧಿಕಾರವಿಲ್ಲದವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದೆಂದು 2021ರ ತಿದ್ದುಪಡಿ ಹೇಳುತ್ತದೆ. ಆದರೂ ಹೆಣ್ಣುಮಕ್ಕಳು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಬಸ್ಸು ಹತ್ತಿ ಹೋಗುವುದೇಕೆಂಬುದು ನಮಗೆಲ್ಲ ಗೊತ್ತಿದೆ.

ಹಳ್ಳಿಮನೆಯವರು ಖಾಸಗಿತನವನ್ನು ನಗರದ ಅನುಕೂಲವೆಂದರು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಕೊಡುವ ಉಪದೇಶದಲ್ಲೇ ರೋಗಿಯ ಮನೆಯ ಸಮಾಚಾರವನ್ನು ಹೊರಗೆ ಹರಡಬಾರದೆಂಬ ಕಟ್ಟಳೆಯಿದೆ. ಅಂದು ವೈದ್ಯನೇ ರೋಗಿಯ ಮನೆಯೊಳಗೆ ಹೋಗುತ್ತಿದ್ದ, ಆದ್ದರಿಂದ ಮನೆಯ ಗುಟ್ಟಿನ ಮಾತು ಬಂತು.

ಮೂರನೇ ಕೋಣೆ

ನಾನು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ಆಪ್ತಸಮಾಲೋಚಕಿ. ನಮ್ಮ ಕೇಂದ್ರ ಆಸ್ಪತ್ರೆಯ ಕಾರಿಡಾರಿನ ಮೂರನೆಯ ಕೋಣೆ. ಕೋಣೆಯೊಳಗೆ ನಾವು ಎಷ್ಟೇ ಗುಟ್ಟು ಕಾಪಾಡಿದರೂ, ಆ ಬಾಗಿಲ ಮುಂದಿನ ಬೆಂಚಿನ ಮೇಲೆ ಕುಳಿತಿದ್ದೇ ಒಂದು ಸುದ್ದಿಯಾಗುತ್ತದೆ. ಹೀಗಾಗಿ ಕೆಲವರು ಪಕ್ಕದ ದಂತ ವಿಭಾಗದ ಸಾಲಿನಲ್ಲಿ ನಿಂತು, ನಾನು ಬಾಗಿಲಿಗೆ ಬಂದು ಕಣ್ಣಿನಲ್ಲೇ ಸನ್ನೆ ಮಾಡಿದ ಮೇಲೆ ಒಳಗೆ ಬರುತ್ತಾರೆ. ಹಲ್ಲು ನೋವಿನ ನಟನೆಯಲ್ಲಿ ಕೆನ್ನೆಗೆ ಕರವಸ್ತ್ರ ಹಿಡಿದು ಬಂದವರೂ ಇದ್ದಾರೆ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಬೇರೆಯವರಿಗೆ ತಿಳಿಸುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವ ಇನ್ನೊಬ್ಬ ವೈದ್ಯಕೀಯ ಸಿಬ್ಬಂದಿಗೆ, ಆ ಚಿಕಿತ್ಸೆಗೆ ಬೇಕಾದಾಗ ತಿಳಿಸಬಹುದು. ಬಿಳಿ ಟೋಪಿ ಅಕ್ಕ ಹೇಳಿದ ಊಟ ಹಂಚುವ ಹುಡುಗನಿಗೆ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ. ಸಂಗಾತಿಗೆ ತಿಳಿಸುವ ವಿಷಯ ಮಾತ್ರ ಸೂಕ್ಷ್ಮ: ಮೊದಲು ಆ ವ್ಯಕ್ತಿಯೇ ಹೇಳುವಂತೆ ಒಪ್ಪಿಸಬೇಕು, ಅವರು ಹೇಳುವುದಿಲ್ಲವೆಂದು ಖಚಿತವಾಗಿ, ಸಂಗಾತಿಗೆ ಸೋಂಕಿನ ಅಪಾಯವೂ ಇದ್ದರೆ, ನಾವೇ ಹೇಳಲಿದ್ದೇವೆಂದು ಅವರಿಗೆ ಮುನ್ಸೂಚನೆ ಕೊಟ್ಟು, ಸಂಗಾತಿಯನ್ನು ಕೂರಿಸಿ, ಸಮಾಲೋಚನೆಯ ನಂತರ ಎದುರಾಎದುರೇ ಹೇಳಬಹುದು. ಹೇಳಿದರೆ ಹೆಣ್ಣುಮಗಳನ್ನು ಹೊಡೆಯುತ್ತಾರೆ ಅಥವಾ ಮನೆಯಿಂದ ಹೊರಹಾಕುತ್ತಾರೆ ಎಂಬ ಅನುಮಾನವಿದ್ದಲ್ಲಿ ಹೇಳಬಾರದು. 1998ರ ತೀರ್ಪಿನಿಂದ ಇಲ್ಲಿಯವರೆಗೆ ಕಾನೂನು ಎಷ್ಟು ದೂರ ನಡೆದಿದೆ ನೋಡಿ.

ಒಂದು ಸಣ್ಣ ವಿಷಯ. ಔಷಧ ಮುಗಿಯುವ ದಿನ ಫೋನ್ ಮಾಡಿ ನೆನಪಿಸುವುದು ನಮ್ಮ ಕೆಲಸದ ಭಾಗ. "ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ" ಎಂದು ಆರಂಭಿಸಿದರೆ ಮುಗಿಯಿತು, ಎತ್ತಿದವರು ಅತ್ತೆಯಾಗಿರುತ್ತಾರೆ. ಆದ್ದರಿಂದ ಮೊದಲೇ ಕೇಳಿಕೊಂಡಿರುತ್ತೇವೆ, ಫೋನ್ ಬೇರೆಯವರು ಎತ್ತಿದರೆ ಯಾರೆಂದು ಹೇಳಲಿ ಎಂದು. ಒಬ್ಬರಿಗೆ ನಾನು ಸಂಘದ ಸಾಲದ ಲೆಕ್ಕ ಬರೆಯುವವಳು, ಇನ್ನೊಬ್ಬರಿಗೆ ರವಿಕೆ ಹೊಲಿಯುವವಳು.

ಸರ್ವರ್ ರೂಮು

ಆಸ್ಪತ್ರೆಗಳಿಗೆ ಬೇಕಾದ ತಂತ್ರಾಂಶ ಮಾಡುವ ಕಂಪನಿಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಸೈಬರ್ ದಾಳಿಯೆಂದರೆ ಎಲ್ಲರಿಗೂ ನೆನಪಾಗುವುದು 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರುಗಳು ಸ್ತಬ್ಧವಾಗಿ, ಎರಡು ವಾರದಷ್ಟು ಕಾಲ ನೋಂದಣಿಯಿಂದ ಲ್ಯಾಬಿನವರೆಗೆ ಎಲ್ಲವೂ ಕೈಬರಹಕ್ಕೆ ಮರಳಿದ್ದು. ಅದು ದೊಡ್ಡದು, ನಿಜ. ನಾನು ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಕಂಡದ್ದು ಬೇರೆ. ಇಡೀ ಆಸ್ಪತ್ರೆಗೆ ಒಂದೇ ಲಾಗಿನ್, ಅದರ ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ. ಯಾರು ಯಾವ ಫೈಲು ತೆರೆದರೆಂಬ ದಾಖಲೆ ತಂತ್ರಾಂಶದಲ್ಲಿ ಇದ್ದೇ ಇರುತ್ತದೆ, ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಬಂದರೆ ಆ ದಾಖಲೆಯಿಂದ ಏನು ತಿಳಿಯುತ್ತದೆ? ಒಂದು ಲ್ಯಾಬಿನ ಎಸ್‌ಎಂಎಸ್ ಕೊಂಡಿಯ ಕೊನೆಯ ಅಂಕಿಯನ್ನು ಒಂದು ಹೆಚ್ಚಿಸಿ ನೋಡಿದರೆ ಮುಂದಿನ ರೋಗಿಯ ರಿಪೋರ್ಟು ತೆರೆದುಕೊಳ್ಳುತ್ತಿತ್ತು. ನಾನು ತೋರಿಸಿಕೊಟ್ಟಾಗ ಮಾಲೀಕರು ಬೆಚ್ಚಿಬೀಳಲಿಲ್ಲ. "ಅದನ್ನು ಯಾರು ಕೂತು ಹುಡುಕುತ್ತಾರೆ" ಎಂದರು.

ಆಭಾ ಕಾರ್ಡಿನ ಬಗ್ಗೆ ಯಾರಾದರೂ ಕೇಳುವ ಮುನ್ನವೇ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಅದು. ಅದನ್ನು ಮಾಡಿಸಿಕೊಳ್ಳುವುದು ಐಚ್ಛಿಕ. ಯಾವ ದಾಖಲೆಯನ್ನು ಯಾರು ಎಷ್ಟು ಕಾಲ ನೋಡಬಹುದೆಂದು ಒಪ್ಪಿಗೆ ಕೊಡುವ, ಆಮೇಲೆ ಹಿಂತೆಗೆದುಕೊಳ್ಳುವ ವ್ಯವಸ್ಥೆ ಅದರ ವಿನ್ಯಾಸದಲ್ಲಿದೆ, ವಿನ್ಯಾಸ ಚೆನ್ನಾಗಿಯೇ ಇದೆ. ಆದರೆ ಸಾಲಿನಲ್ಲಿ ನಿಂತವರ ಫೋನನ್ನು ಕೌಂಟರಿನವರೇ ಇಸಿದುಕೊಂಡು ಓಟಿಪಿ ನೋಡಿ ತಾವೇ "ಒಪ್ಪುತ್ತೇನೆ" ಎಂದು ಒತ್ತುವುದನ್ನು ನೋಡಿದ್ದೇನೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ದೂರದ ದಾದಿ

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ಕನ್ನಡತಿ ನಾನು. ಇಲ್ಲಿ 1997ರ ಕ್ಯಾಲ್ಡಿಕಾಟ್ ವರದಿಯ ನಂತರ ಪ್ರತಿ ಸಂಸ್ಥೆಯಲ್ಲೂ ರೋಗಿಗಳ ಮಾಹಿತಿಗೆ ಒಬ್ಬ ಹಿರಿಯ ಅಧಿಕಾರಿಯನ್ನು ಕಾವಲಿಗೆ ನೇಮಿಸಿದ್ದಾರೆ, ವರ್ಷಕ್ಕೊಮ್ಮೆ ನಮಗೆಲ್ಲ ಇದರ ತರಬೇತಿ ಕಡ್ಡಾಯ. ನನ್ನ ಚಿಕಿತ್ಸೆಯಲ್ಲಿಲ್ಲದ ರೋಗಿಯ ಫೈಲನ್ನು ಕುತೂಹಲಕ್ಕೆ ತೆರೆದರೂ ಕೆಲಸ ಹೋಗಬಹುದು. ಇಲ್ಲಿ ಎಲ್ಲವೂ ಚೆಂದವೆಂದು ಹೇಳುತ್ತಿಲ್ಲ: ವಾರ್ಡಿನಲ್ಲಿ ಹಾಸಿಗೆಗಳ ನಡುವೆ ಇರುವುದು ಇಲ್ಲೂ ಬಟ್ಟೆಯ ಪರದೆಯೇ, ಪರದೆಗೆ ಕಿವಿ ಮುಚ್ಚಲು ಬರುವುದಿಲ್ಲ. ಕಾಫಿಗಿಡ ಅವರ ಊರಿನಲ್ಲೂ ನಾಳೆಯಿಂದಲೇ ಮಾಡಬಹುದಾದದ್ದು ಒಂದಿದೆ. ಇಲ್ಲಿ ಫೋನಿನಲ್ಲಾಗಲಿ ಕೌಂಟರಿನಲ್ಲಾಗಲಿ ಮೊದಲು ಹುಟ್ಟಿದ ತಾರೀಖು ಮತ್ತು ಮನೆ ವಿಳಾಸ ಕೇಳುತ್ತಾರೆ, ಆಮೇಲೆ ಮಾತು.

ಹಳ್ಳಿಮನೆ

ಎಲ್ಲರ ಮಾತನ್ನೂ ಓದಿದೆ. ವಕೀಲರು "ಕೇಳಲಿಲ್ಲವೆಂಬುದೇ ತಕರಾರು" ಎಂದದ್ದು ಎರಡು ದಿನ ತಲೆಯಲ್ಲಿ ಕೊರೆಯಿತು. ತಂದೆಯವರು ಕೊನೆಯ ತಿಂಗಳಲ್ಲಿ ಒಂದು ದಿನ, ಊರಿನ ಮೇಲಿನ ಗದ್ದೆಯ ಪತ್ರ ಎಲ್ಲಿದೆಯೆಂದು ಕೇಳಿ ತರಿಸಿಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಅವರಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ನಮಗೆ ಗೊತ್ತಿಲ್ಲವೆಂದು ಅವರು, ಅವರಿಗೆ ಗೊತ್ತಿಲ್ಲವೆಂದು ನಾವು.

ಇನ್ನೊಂದು ನೆನಪಾಯಿತು. 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದ ನನ್ನ ಮಗನ ಅಂಗೈಯ ಹಿಂಭಾಗಕ್ಕೆ ಕ್ವಾರಂಟೈನ್ ಮುದ್ರೆ ಒತ್ತಿ ಕಳಿಸಿದ್ದರು. ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತ್ತು, ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ನಮ್ಮ ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಹಾಲು ಹಾಕುವವನು ಗೇಟಿನಿಂದಾಚೆಯೇ ನಿಂತ. ಚೀಟಿ ಕಿತ್ತ ಮೇಲೂ ಎರಡು ತಿಂಗಳು ಅಲ್ಲೇ ನಿಂತ. ಆ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಚೀಟಿ ಅಂಟಿಸಬಾರದೆಂದಿತು. ಆಗ ನಾನೇ ಬೀದಿಯಲ್ಲಿ ನಿಂತು "ನಮ್ಮ ಮನೆ ವಿಷಯ ಊರಿಗೆ ಯಾಕೆ" ಎಂದು ಆರೋಗ್ಯ ಇಲಾಖೆಯವರ ಮೇಲೆ ಕೂಗಾಡಿದ್ದೆ. ಈ ಚರ್ಚೆಗೆ ಮೊದಲ ಉತ್ತರ ಬರೆಯುವಾಗ ಅದು ನೆನಪಿಗೇ ಬರಲಿಲ್ಲ. ದೊಡ್ಡಮ್ಮನವರ ಮೇಲೆ ತಪ್ಪು ಹೊರಿಸಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಕಾಫಿಗಿಡ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿದೆ, ಕೌಂಟರಿನ ಹುಡುಗಿಯನ್ನು ಉಲ್ಲೇಖಿಸಲಿಲ್ಲ. ಐದನೆಯ ದಿನ ನರ್ಸಿಂಗ್ ಹೋಮಿನ ಮಾಲೀಕರಾದ ಹಿರಿಯ ವೈದ್ಯರು ತಾವೇ ಫೋನ್ ಮಾಡಿ ಕರೆಸಿಕೊಂಡರು. ಮೊದಲು, "ನಿಮ್ಮ ಮನೆತನದವರೆಲ್ಲ ನಮಗೆ ಮೂರು ತಲೆಮಾರಿನಿಂದ ಪರಿಚಯ, ಇಷ್ಟಕ್ಕೆಲ್ಲ ಪತ್ರ ಯಾಕಮ್ಮ" ಎಂದರು. ಪರಿಚಯವಿದ್ದದ್ದರಿಂದಲೇ ಹೀಗಾಯಿತು ಸರ್ ಎಂದೆ. ಸ್ವಲ್ಪ ಹೊತ್ತು ಪೇಪರ್‌ವೇಟು ತಿರುಗಿಸಿ, ಕ್ಷಮೆ ಕೇಳಿದರು. ಬರೆದು ಕೊಡಿ ಎಂದಾಗ ವಕೀಲರನ್ನು ಕೇಳಿ ಹೇಳುತ್ತೇನೆಂದರು. ಇನ್ನೂ ಬರೆದುಕೊಟ್ಟಿಲ್ಲ.

ಕೌಂಟರಿನ ಗಾಜಿನ ಮೇಲೆ ಈಗ ಒಂದು ಕಾಗದ ಅಂಟಿಸಿದ್ದಾರೆ: "ರಿಪೋರ್ಟುಗಳನ್ನು ರೋಗಿಗೆ ಅಥವಾ ರೋಗಿಯ ಸಹಿ ಇರುವ ಚೀಟಿ ತಂದವರಿಗೆ ಮಾತ್ರ ನೀಡಲಾಗುವುದು." ಹುಡುಗಿ ಅಲ್ಲೇ ಇದ್ದಾಳೆ. ಮೊನ್ನೆ ಎರಡನೆಯ ರಕ್ತ ಪರೀಕ್ಷೆಯ ರಿಪೋರ್ಟಿಗೆ ಹೋದಾಗ ನನ್ನನ್ನು ಚೆನ್ನಾಗಿ ಬಲ್ಲವಳೇ ಮುಖ ಕೆಂಪಗೆ ಮಾಡಿಕೊಂಡು, "ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳಿ ಮೇಡಂ" ಎಂದಳು. ಹೇಳಿದೆ. ಲಕೋಟೆಗೆ ಅಂಟು ಹಚ್ಚಿತ್ತು.

ಆಮೇಲೆ ಸಹಿ ಹಾಕಿ ಎಂದು ಉದ್ದನೆಯ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಪರೀಕ್ಷೆ, ಸಹಿ. ನನ್ನ ಮೇಲಿನ ಸಾಲುಗಳಲ್ಲಿ ಆ ದಿನ ಬಂದ ಹದಿನಾಲ್ಕು ಮಂದಿಯ ಹೆಸರೂ, ಅವರು ಯಾವ ಪರೀಕ್ಷೆ ಮಾಡಿಸಿದರೆಂಬುದೂ ದುಂಡನೆಯ ಅಕ್ಷರದಲ್ಲಿತ್ತು. ಇಬ್ಬರು ನನಗೆ ಗೊತ್ತಿರುವವರು. ಒಬ್ಬರು ನಮ್ಮ ಕಾಲೇಜಿನವರೇ. ನೋಡಬಾರದೆಂದುಕೊಳ್ಳುವಷ್ಟರಲ್ಲಿ ಓದಿಯಾಗಿತ್ತು.

ಕರಿಕೋಟು

ಎರಡನೆಯ ಪತ್ರದಲ್ಲಿ ಆ ರಿಜಿಸ್ಟರಿನ ವಿಷಯ ಬರೆಯಿರಿ. ಅಂಕಣಗಳ ತಲೆಬರಹ ಮಾತ್ರ ಸಾಕು, ಅದರಲ್ಲಿದ್ದ ಹೆಸರುಗಳು ಬೇಡ. ಪ್ರತಿಯೊಬ್ಬರಿಗೂ ಬೇರೆ ರಸೀದಿಯ ಮೇಲೆ ಸಹಿ ಪಡೆಯುವಂತೆ ಕೇಳಿ. ಲಿಖಿತ ಕ್ಷಮೆಗೆ ಹದಿನೈದು ದಿನದ ಗಡುವು ಕೊಡಿ, ಅಂಚೆಯ ರಸೀದಿ ಎರಡನ್ನೂ ಜೋಪಾನ ಮಾಡಿ.